ಬೇಟೆಗೆ ಯಾವ ನಕ್ಷೆ: ಆನ್‌ಎಕ್ಸ್, ಹಂಟ್‌ಸ್ಟ್ಯಾಂಡ್, ಗಾಯಾ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಈ ಪ್ರಶ್ನೆ ಏಳುವುದೇ ಅಪರೂಪ. ಆದರೆ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಪರವಾನಗಿ ಪಡೆದು ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೊರಡುವವರಿಗೆ ಜಮೀನಿನ ಗಡಿ ತೋರಿಸುವ ಆ್ಯಪ್ ಬಹುಮಟ್ಟಿಗೆ ಅನಿವಾರ್ಯ. ವಯೋಮಿಂಗ್‌ನ ದಕ್ಷಿಣ ಭಾಗದಲ್ಲಿ ರೈಲ್ವೆ ಕಂಪನಿಗೆ ಭೂಮಿ ಹಂಚಿದ ಕಾಲದಿಂದಲೂ ಒಂದು ಚದರ ಮೈಲಿಯ, ಅಂದರೆ 640 ಎಕರೆಯ, ಸರ್ಕಾರಿ ಮತ್ತು ಖಾಸಗಿ ತುಂಡುಗಳು ಚದುರಂಗದ ಮನೆಗಳಂತೆ ಹರಡಿಕೊಂಡಿವೆ.

ಆನ್‌ಎಕ್ಸ್ ಹಂಟ್ ಹುಟ್ಟಿದ್ದೇ ಮೊಂಟಾನಾದಲ್ಲಿ, ಈ ಗಡಿಗಳ ಗೊಂದಲಕ್ಕೆ ಉತ್ತರವಾಗಿ. ತುಂಡಿನ ಮೇಲೆ ಬೆರಳಿಟ್ಟರೆ ಮಾಲೀಕರ ಹೆಸರು ಬರುತ್ತದೆ. ಚಂದಾವನ್ನು ಒಂದು ರಾಜ್ಯಕ್ಕಷ್ಟೇ ಅಥವಾ ಎಲ್ಲ 50 ರಾಜ್ಯಗಳಿಗೆ ಪಡೆಯಬಹುದು. ಹಂಟ್‌ಸ್ಟ್ಯಾಂಡ್‌ನ ಪ್ರೊ ಚಂದಾ ಇಡೀ ದೇಶದ ಗಡಿಗಳನ್ನು ಒಟ್ಟಿಗೆ ಕೊಡುತ್ತದೆ. ಗಾಳಿಯ ದಿಕ್ಕಿಗೆ ತಕ್ಕಂತೆ ನಮ್ಮ ವಾಸನೆ ಎತ್ತ ಹರಡುತ್ತದೆಂದು ತೋರಿಸುವ ಸೌಲಭ್ಯವಿರುವುದರಿಂದ ಅಟ್ಟಣೆಯಲ್ಲಿ ಕಾದು ಕೂರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಗಾಯಾ ಜಿಪಿಎಸ್ ಮೂಲತಃ ಚಾರಣಿಗರದು. ಏರಿಳಿತದ ನಕ್ಷೆ ಚೆನ್ನಾಗಿದ್ದರೂ ಬೇಟೆಗಾರನಿಗೆ ಅದು ಎರಡನೆಯ ಆಯ್ಕೆ.

ಯಾವುದನ್ನು ಕೊಂಡರೂ ಸಿಗ್ನಲ್ ಇರುವಾಗಲೇ ನಕ್ಷೆಯನ್ನು ಇಳಿಸಿಕೊಳ್ಳಬೇಕು. ಬಯಲಿನಲ್ಲೂ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ತಪ್ಪಬಹುದು, ಮರಗಳಡಿ ಇನ್ನೂ ಹೆಚ್ಚು. ಆದ್ದರಿಂದ ಪರದೆಯ ಗೆರೆಯನ್ನು ಸರ್ವೆ ಕಲ್ಲೆಂದು ನಂಬದೆ ಅದರಿಂದ ದೂರವೇ ನಿಲ್ಲುವುದು ಕ್ಷೇಮ. 2021ರಲ್ಲಿ ವಯೋಮಿಂಗ್‌ನ ಎಲ್ಕ್ ಪರ್ವತದಲ್ಲಿ ಆನ್‌ಎಕ್ಸ್ ಹಿಡಿದು ಎರಡು ಸರ್ಕಾರಿ ತುಂಡುಗಳು ಸೇರುವ, ಖಾಸಗಿ ತುಂಡುಗಳಿಗೂ ತಾಗುವ ಮೂಲೆಯನ್ನು ದಾಟಿದ ಬೇಟೆಗಾರರ ಮೇಲೆ ಅತಿಕ್ರಮಣದ ಮೊಕದ್ದಮೆಯೇ ಹೂಡಲಾಯಿತು. ಜ್ಯೂರಿ ಅವರನ್ನು 2022ರಲ್ಲಿ ನಿರ್ದೋಷಿಗಳೆಂದು ಬಿಟ್ಟಿತು.