ಸಿಂಪ್ಲೆಕ್ಸ್ ಪ್ಲಸ್, ಏಸ್ 400ಐ, ಈಕ್ವಿನಾಕ್ಸ್ 600: ಇಂಗ್ಲೆಂಡಿನ ಹೊಲಕ್ಕೆ ಯಾವುದು?

ಇಂಗ್ಲೆಂಡಿನ ಹೊಲಗಳಲ್ಲಿ ಹಳೆಯ ನಾಣ್ಯ ಹುಡುಕುವ ಹವ್ಯಾಸಕ್ಕೆ ಇಳಿಯುವವರಿಗೆ ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ: ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್ ಲೋಹಶೋಧಕ (ಡಿಟೆಕ್ಟರ್), ಜೊತೆಗೆ ಗ್ಯಾರೆಟ್‌ನ ಕಿತ್ತಳೆ ಬಣ್ಣದ ಪ್ರೊ-ಪಾಯಿಂಟರ್ ಎಟಿ, ಅಂದರೆ ಅಗೆದ ಗುಂಡಿಯೊಳಗೆ ಲೋಹ ಎಲ್ಲಿದೆಯೆಂದು ತೋರಿಸುವ ಕೈಹಿಡಿ ಪಾಯಿಂಟರ್. ಮೈನ್‌ಲ್ಯಾಬ್ ಈಕ್ವಿನಾಕ್ಸ್ 600 ಇವೆಲ್ಲಕ್ಕಿಂತ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೊಂದಕ್ಕೆ ಕೊಡುವ ದುಡ್ಡಿನಲ್ಲಿ ಈ ಎರಡೂ ಬರುತ್ತವೆ. ಒಳ್ಳೆಯ ಪಾಯಿಂಟರ್ ಕೈಯಲ್ಲಿಲ್ಲದಿದ್ದರೆ ಎಷ್ಟು ದುಬಾರಿ ಡಿಟೆಕ್ಟರ್ ಇದ್ದರೂ ಅರ್ಧ ಹೊತ್ತು ಮಣ್ಣು ಕೆದಕುವುದರಲ್ಲೇ ಕಳೆಯುತ್ತದೆ.

ಗ್ಯಾರೆಟ್ ಏಸ್ 400ಐ ಕಲಿಯಲು ಬಲು ಸುಲಭ, ನಾಲ್ಕು ಎಎ ಸೆಲ್ ಹಾಕಿದರೆ ಆಯಿತು. ನೆಲದ ಮೇಲೆ ಬೀಸುವ ಕೆಳಗಿನ ತಟ್ಟೆ, ಅಂದರೆ ಕಾಯಿಲ್, ನೀರಿನಲ್ಲಿ ಮುಳುಗಿದರೂ ತೊಂದರೆಯಿಲ್ಲ, ಮೇಲಿನ ಡಬ್ಬಿಗೆ ಮಾತ್ರ ನೀರು ತಾಗಬಾರದು. ಗೋಧಿ ಕೊಯ್ಲಾಗಿ ಕೂಳೆ ನಿಂತ ಹೊಲಕ್ಕೆ ಇಳಿಯುವ ಕಾಲದಲ್ಲಿ ಅಲ್ಲಿ ಮಳೆ ಹೇಳಿಕೇಳಿ ಬರುವುದಿಲ್ಲ. ಸಿಂಪ್ಲೆಕ್ಸ್ 3 ಮೀಟರ್ ನೀರಿಗೂ ಸೈ.

ಏಸ್‌ನಲ್ಲಿ ಮಣ್ಣಿಗೆ ತಕ್ಕಂತೆ ಹೊಂದಿಸಿಕೊಳ್ಳುವ ಗ್ರೌಂಡ್ ಬ್ಯಾಲೆನ್ಸ್ ಕೂಡ ಇಲ್ಲ. ಸಿಂಪ್ಲೆಕ್ಸ್‌ನಲ್ಲಿ ಲೋಹವಿಲ್ಲದ ಜಾಗ ನೋಡಿ, ಬಟನ್ ಒತ್ತಿಹಿಡಿದು, ಕಾಯಿಲನ್ನು ನೆಲದ ಹತ್ತಿರಕ್ಕೆ ಇಳಿಸುತ್ತಾ ಎತ್ತುತ್ತಾ ಇದ್ದರೆ ಸದ್ದು ತಣ್ಣಗಾಗುತ್ತದೆ. ಹೊಲ ಬದಲಾದಾಗೆಲ್ಲ ಇದನ್ನು ಮತ್ತೆ ಮಾಡಬೇಕು.

ಸಮುದ್ರತೀರವೇ ನಿಮ್ಮ ಜಾಗವಾದರೆ ಈಕ್ವಿನಾಕ್ಸ್ ಕೊಳ್ಳಿ. ಒದ್ದೆಯಾದ ಉಪ್ಪು ಮರಳು ತಾನೇ ವಿದ್ಯುತ್ ಹರಿಸುವುದರಿಂದ 12 ಕಿಲೋಹರ್ಟ್ಸ್ ಒಂದನ್ನೇ ನಂಬಿದ ಸಿಂಪ್ಲೆಕ್ಸ್ ಅಲ್ಲಿ ಗಲಾಟೆ ಮಾಡುತ್ತದೆ. ಹಲವು ಆವರ್ತನಗಳನ್ನು (ಫ್ರೀಕ್ವೆನ್ಸಿ) ಒಟ್ಟಿಗೇ ಬಳಸುವ ಈಕ್ವಿನಾಕ್ಸ್ ಉಪ್ಪಿನ ಸದ್ದನ್ನು ಬೇರ್ಪಡಿಸುತ್ತದೆ. ತುಕ್ಕು ಮೊಳೆ ತುಂಬಿದ ಹಳೇ ಮನೆ ನಿವೇಶನದಲ್ಲೂ ಅದರದೇ ಮೇಲುಗೈ.

ಇನ್ನು ಯಾವ ಡಬ್ಬಿಯ ಮೇಲೂ ಬರೆಯದ ಕಿರಿಕಿರಿ. ಕಾಯಿಲನ್ನು ಹುಲ್ಲಿನ ಮೇಲಿಟ್ಟು, ಪಕ್ಕದಲ್ಲೇ ಮಂಡಿಯೂರಿ ಪಾಯಿಂಟರ್ ಆನ್ ಮಾಡಿದರೆ ಎರಡೂ ಒಟ್ಟಿಗೆ ಕೂಗಲು ಶುರುಮಾಡುತ್ತವೆ. ಪಾಯಿಂಟರ್ ಕೂಡ ತನ್ನದೇ ಕಾಂತಕ್ಷೇತ್ರ ಹೊರಡಿಸುವ ಪುಟ್ಟ ಡಿಟೆಕ್ಟರ್. ಇಬ್ಬರ ಆವರ್ತನ ಹತ್ತಿರವಿದ್ದಷ್ಟೂ ಜಗಳ ಜೋರು. ಪ್ರೊ-ಪಾಯಿಂಟರ್ ಮತ್ತು ಸಿಂಪ್ಲೆಕ್ಸ್ ಹತ್ತಿರ ಹತ್ತಿರದವೇ. ಲೋಹವಿಲ್ಲದ ಕಡೆ ಪಾಯಿಂಟರ್ ನಡುಗುತ್ತದೆ, ಅದನ್ನು ನಂಬಿ ಗುಂಡಿ ಅಗಲಿಸುತ್ತೀರಿ, ಸನಿಕೆಯ ಅಂಚು ನಾಣ್ಯಕ್ಕೆ ತಾಗುತ್ತದೆ. ಸುತ್ತಿಗೆಯಲ್ಲಿ ಬಡಿದು ಮಾಡಿದ ಮಧ್ಯಯುಗದ ಬೆಳ್ಳಿ ಪೆನ್ನಿ ಉಗುರಿನಷ್ಟು ತೆಳ್ಳಗಿರುತ್ತದೆ, ಒಂದು ಗೀರು ಬಿದ್ದರೂ ಹಾಳು.

ಇದನ್ನು ಸರಿಮಾಡಲು, ಅಗೆಯುವಾಗ ಡಿಟೆಕ್ಟರನ್ನು ಗುಂಡಿಯಿಂದ ಒಂದೂವರೆ ಮೀಟರಾದರೂ ದೂರವಿಡಿ, ಕಾಯಿಲ್ ಆಚೆ ತುದಿಯಲ್ಲಿರಲಿ. ಅಷ್ಟಕ್ಕೂ ನಿಲ್ಲದಿದ್ದರೆ ಸಿಂಪ್ಲೆಕ್ಸ್ ಸೆಟ್ಟಿಂಗ್‌ನ ಫ್ರೀಕ್ವೆನ್ಸಿ ಶಿಫ್ಟ್‌ನಲ್ಲಿ ಒಂದೊಂದೇ ಹೆಜ್ಜೆ ಬದಲಿಸುತ್ತಾ ಎರಡೂ ಸುಮ್ಮನಾಗುವಲ್ಲಿ ನಿಲ್ಲಿಸಿ. ಈ ಪರೀಕ್ಷೆಯನ್ನು ಬಯಲಿನಲ್ಲಿ ಮಾಡಿ. ಮನೆಯ ವೈರಿಂಗ್ ನಡುವೆ ಮಾಡಿದರೆ ಯಾರ ಸದ್ದು ಯಾರದ್ದೆಂದು ತಿಳಿಯದು. ಅದೂ ಆಗದಿದ್ದರೆ ಅಗೆಯುವಷ್ಟು ಹೊತ್ತು ಡಿಟೆಕ್ಟರ್ ಆಫ್ ಮಾಡುವುದೇ ಸರಿ.

ಪಾಯಿಂಟರನ್ನು ಗಾಳಿಯಲ್ಲಿ, ಉಂಗುರ ಕಡಗಗಳಿಂದ ದೂರ ಹಿಡಿದು ಆನ್ ಮಾಡಿ. ಲೋಹದ ಪಕ್ಕ ಆನ್ ಮಾಡಿದರೆ ಆ ಲೋಹವನ್ನೇ ಸೊನ್ನೆಯೆಂದು ಲೆಕ್ಕ ಹಿಡಿದು ಮಂಕಾಗುತ್ತದೆ. ಈ ಗುಣವನ್ನೇ ಬೇಕೆಂದೇ ಬಳಸಿಕೊಳ್ಳಬಹುದು: ಪ್ರೊ-ಪಾಯಿಂಟರ್ ಗುಂಡಿಯೊಳಗೆ ಎಲ್ಲಾ ಕಡೆ ನಡುಗುತ್ತಿದ್ದರೆ ಸ್ವಿಚ್ಚನ್ನು ಒಮ್ಮೆ ಥಟ್ಟನೆ ಒತ್ತಿ. ಅದರ ವ್ಯಾಪ್ತಿ ಕುಗ್ಗಿ, ವಸ್ತುವಿನ ತೀರಾ ಹತ್ತಿರ ಮಾತ್ರ ಕೂಗುತ್ತದೆ. ಮೊದಲು ಎತ್ತಿದ ಹೆಂಟೆಯನ್ನು ನೋಡಿ, ಆಮೇಲೆ ಗುಂಡಿಯ ಗೋಡೆ, ಕೊನೆಗೆ ತಳ.

ಹೆಸರಿಲ್ಲದ ಅಗ್ಗದ ಪಾಯಿಂಟರ್‌ಗಳು ಎಷ್ಟೋ ಸಲ ತುದಿಯಲ್ಲಷ್ಟೇ ಗುರುತಿಸುತ್ತವೆ, ಬಿಸಿಲೇರಿದಂತೆ ಸುಮ್ಮನೆ ಕೂಗಲು ತೊಡಗುತ್ತವೆ. ಬೇಡ. ಮೈನ್‌ಲ್ಯಾಬ್ ಪ್ರೊ-ಫೈಂಡ್ 35 ಕಬ್ಬಿಣಕ್ಕೆ ಬೇರೆ ಸದ್ದು ಕೊಡುತ್ತದೆ, ಕೇಳಲು ಚೆನ್ನ. ಆದರೆ ಗುಂಡಿ ತೋಡಿದ ಮೇಲೆ ಮೊಳೆಯೋ ನಾಣ್ಯವೋ, ತೆಗೆದು ನೋಡುವುದು ತಪ್ಪದು. ಹಾಗಾಗಿ ಅದಕ್ಕೆಂದು ನಾನು ಹೆಚ್ಚು ದುಡ್ಡು ಕೊಡಲಾರೆ. ಕೈಗವಸು ತೊಟ್ಟು, ಕೆಸರಾದ ಬೆರಳಲ್ಲೂ ಒತ್ತಬಹುದಾದ ಗ್ಯಾರೆಟ್‌ನ ಒಂದೇ ಸ್ವಿಚ್ಚು ನನಗೆ ಸಾಕು. ಜೇಬಿನಲ್ಲಿ 9 ವೋಲ್ಟ್‌ನ ಇನ್ನೊಂದು ಬ್ಯಾಟರಿ ಇರಲಿ.

ಹೊಲದ ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿರಲಿ. 300 ವರ್ಷಕ್ಕೂ ಹಳೆಯ ಚಿನ್ನ ಬೆಳ್ಳಿಯ ಒಡವೆ, ಅಥವಾ ಒಂದೇ ಕಡೆ ಅಷ್ಟು ಹಳೆಯ ಎರಡು ಬೆಳ್ಳಿ ನಾಣ್ಯ ಸಿಕ್ಕರೂ 1996ರ ಟ್ರೆಷರ್ ಆ್ಯಕ್ಟ್ ಪ್ರಕಾರ 14 ದಿನದೊಳಗೆ ಕೊರೋನರ್ ಎಂಬ ಸ್ಥಳೀಯ ತನಿಖಾಧಿಕಾರಿಗೆ ತಿಳಿಸಬೇಕು. ರಜೆಗೆ ಊರಿಗೆ ಬರುವಾಗ ಈ ಸಾಮಾನು ಅಲ್ಲೇ ಇರಲಿ. ಭಾರತದ 1878ರ ನಿಧಿ ಕಾಯ್ದೆಯಲ್ಲಿ ನೆಲದಡಿ ಸಿಕ್ಕಿದ್ದರ ಬೆಲೆ 10 ರೂಪಾಯಿ ದಾಟಿದರೆ ಸಾಕು, ಕಲೆಕ್ಟರ್‌ಗೆ ವರದಿ ಮಾಡಲೇಬೇಕು.