ರಾಯಚೂರಿನ ಇಂಗ್ಲಿಷ್ ಕ್ಲಾಸು: ಬರಿಯಾಕ ಛಲೋ, ಮಾತಾಡಾಕ ಅಷ್ಟಕ್ಕಷ್ಟ

ಸ್ಟೇಷನ್ ರೋಡ್ ಕಡೆ ಒಂದು ಕೋಚಿಂಗ್ ಸೆಂಟರ್, ಸಂಜಿ ಬ್ಯಾಚು. ಎಕ್ಸಾಮಿಗೆ ಓದೋ ಹುಡುಗ್ರೇ ಜಾಸ್ತಿ. ಹೆಸರು ಹಾಕಂಗಿಲ್ಲ, ಬೈಯೋದೂ ಸ್ವಲ್ಪ ಅದ.

ಕೊಟ್ಟ ರೊಕ್ಕ ವಸೂಲ್ ಆಗಿದ್ದು ಒಂದೇ ಥರ ಕೇಳ್ಸೋ ಶಬ್ದಗಳ ಪಾಠದಾಗ. ಬೇರೆ ಕಡೆ ಎರಡೆರಡು ಶಬ್ದದ ಪಟ್ಟಿ ಕೊಟ್ಟು ಬಾಯಿಪಾಠ ಮಾಡ್ರಿ ಅಂತಾರ, ಇಲ್ಲಿ ಸರ್ ಮೊದಲು ವಾಕ್ಯ ಬರದು ಶಬ್ದದ ಜಾಗ ಖಾಲಿ ಬಿಡ್ತಾರ, ಅಲ್ಲಿ ನಾಮಪದ ಕೂಡ್ತದೋ ಕ್ರಿಯಾಪದನೋ ಅಂತ ನಮ್ಮ ಬಾಯಿಂದನೇ ಹೇಳಿಸಿ ಆಮ್ಯಾಲೆ ಸ್ಪೆಲ್ಲಿಂಗಿಗೆ ಬರ್ತಾರ. ದೇರ್ ಮೂರು ಥರ (there, their, they're) ಬರೀತಾರಲ್ಲ, ಅದರಾಗ ಅಪಾಸ್ಟ್ರಫಿ ಇರೋದನ್ನ ಬಿಡಿಸಿ ದೇ ಆರ್ ಅಂತ ಓದಿ ನೋಡ್ರಿ, ಅರ್ಥ ಕೂತ್ರ ಅದೇ ಸರಿ, ಇಲ್ಲಂದ್ರ 'ಅಲ್ಲಿ' ಅನ್ನೋದೋ 'ಅವರ' ಅನ್ನೋದೋ ನೋಡಿದ್ರ ಮುಗೀತು. ಸ್ಟೇಷನರಿಗೆ ಪೆನ್ನು ಪೇಪರ್ ಆದ್ರ ಎನ್ವಲಪ್‌ನ ಇ (stationery), ನಿಂತ ಬಸ್ಸಿಗಾದ್ರ ಎ (stationary). ನಮ್ಮೂರ ಅಂಗಡಿ ಬೋರ್ಡ್ ಮ್ಯಾಲೆಲ್ಲಾ ನಿಂತ ಬಸ್ಸೇ ಜಾಸ್ತಿ! ಮೊಬೈಲು ಸ್ಪೆಲ್ ಚೆಕ್ ನೋಡ್ಕೋತದ ಬಿಡ್ರಿ ಅನ್ನೋರಿಗೆ ಒಂದು ಮಾತು, ಎರಡೂ ಖರೇ ಶಬ್ದಾನೇ ಆಗಿದ್ರಿಂದ ಎಷ್ಟೋ ಸಲ ಕೆಂಪು ಗೆರಿ ಬರಂಗೇ ಇಲ್ಲ.

ಯೋಧ ಅನ್ನೋ ಅರ್ಥದ ನೈಟ್‌ಗೆ ಮುಂದ ಕೆ ಯಾಕ ಅಂತ ಒಬ್ಬಾಕಿ ಕೇಳಿದ್ಲು. ಮೊದಲು ಆ ಕೆ ಉಚ್ಚಾರದಾಗೂ ಇತ್ತು, 1476ರಾಗ ಕ್ಯಾಕ್ಸ್‌ಟನ್ ಅನ್ನೋ ಮುದ್ರಕ ಇಂಗ್ಲೆಂಡಿನಾಗ ಪುಸ್ತಕ ಅಚ್ಚು ಹಾಕೋ ಪ್ರೆಸ್ ಹಾಕಿದ ಮ್ಯಾಲೆ ಸ್ಪೆಲ್ಲಿಂಗ್ ನಿಧಾನಕ್ಕ ಗಟ್ಟಿ ಆತು, ಜನರ ಬಾಯಿ ಮಾತ್ರ ಬದಲಾಗ್ತಾ ಹೋತು ಅಂದ್ರು ಸರ್. ಇಂಥದ್ದು ಇನ್ನಷ್ಟು ಹೇಳ್ಬೇಕಿತ್ತು.

ಈಗ ಬೈಯೋದು. ಒಂದೇ ಥರ ಕೇಳ್ಸೋ ಶಬ್ದಗಳ ಅದೇ ಪಾಠದೊಳಗ ಲೂಸ್ (loose, lose), ಅಡ್ವೈಸ್ (advice, advise), ವೆಸ್ಟ್ (vest, west) ಜೋಡಿಗಳನ್ನೂ ಹಾಕಿಬಿಟ್ಟಾರ. ಇವು ಇಂಗ್ಲಿಷಿನವರ ಕಿವಿಗೆ ಒಂದೇ ಅಲ್ರಿ. ಸಡಿಲ ಅನ್ನೋ ಲೂಸ್ ಸ ದಾಗ ಮುಗೀತದ, ಕಳಕೊಳ್ಳೋದು ಜ಼ ದಾಗ. ಸಲಹೆ, ಸಲಹೆ ಕೊಡೋದು, ಇವೆರಡಕ್ಕೂ ಅದೇ ಫರಕ. ಬನಿಯನ್ನಿನ ವಿಗೆ ಹಲ್ಲು ಕೆಳತುಟಿಗೆ ತಾಗಬೇಕು, ಪಶ್ಚಿಮದ ಡಬ್ಲ್ಯೂಗೆ ತುಟಿ ಗುಂಡಗಾಗಬೇಕು, ನಮಗ ಇರೋದೇ ಒಂದು ವ, ಅದಕ್ಕ ಒಂದೇ ಕೇಳ್ಸ್ತದ. ಇದನ್ನ ಕೇಳಿದ್ರ ಸರ್ 'ಎಕ್ಸಾಮಿನಾಗ ಉಚ್ಚಾರ ಯಾರು ಕೇಳ್ತಾರ್ರಿ' ಅಂದು ಬೋರ್ಡ್ ಒರಿಸಿಬಿಟ್ರು. ಹೊರಗ ಬೋರ್ಡಿನ ಮ್ಯಾಲೆ ಸ್ಪೋಕನ್ ಇಂಗ್ಲಿಷ್ ಅಂತನೇ ದೊಡ್ಡದಾಗಿ ಬರ್ಸ್ಯಾರ, ಮತ್ತ್ಯಾಕ?

ಎಕ್ಸಾಮಿಗಾದ್ರ ಧೈರ್ಯದಿಂದ ಸೇರ್ರಿ. ಇಂಟರ್ವ್ಯೂಗೆ ಮಾತು ಕಲಿಯೋರು ಬ್ಯಾರೆ ಕಡೆ ನೋಡ್ರಿ. ಫೀಸು 1500, ಕೇಳಿದ್ರ ಎರಡು ಕಂತಿಗೆ ಒಪ್ತಾರ. ನೋಟ್ಸ್ ಜೆರಾಕ್ಸ್ ಮಸುಕು, ಹಿಂದಿನ ಬೆಂಚಿಗೆ ಫ್ಯಾನ್ ಗಾಳಿ ಮುಟ್ಟಂಗಿಲ್ಲ, ಬ್ಯಾಸಗಿ ಬ್ಯಾಚಿನವರು ಸ್ವಲ್ಪ ಲಗೂನೇ ಹೋಗಿ ಮುಂದ ಕೂಡ್ರಿ.