ಚಾರ್ಜರ್ ಕೆಲಸದವರೇ, ವೆಬ್‌ಸೈಟ್ ಮಾಡಿಸೋ ಮುಂಚೆ ಇದನ್ನು ಓದಿ

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಮೈಸೂರಲ್ಲಿ ಹದಿನಾಲ್ಕು ವರ್ಷದಿಂದ ಎಲೆಕ್ಟ್ರಿಕಲ್ ಕಾಂಟ್ರಾಕ್ಟ್ ನನ್ನ ಕಸುಬು. ಮೂರು ವರ್ಷದಿಂದ ಮನೆಗಳಿಗೆ, ಅಪಾರ್ಟ್‌ಮೆಂಟುಗಳಿಗೆ ಎಲೆಕ್ಟ್ರಿಕ್ ಕಾರಿನ (ಇವಿ) ಚಾರ್ಜರ್ ಹಾಕಿಕೊಡುತ್ತೇನೆ. ಅರ್ಥಿಂಗ್ ನೋಡದೆ ಒಂದು ಸಾಕೆಟ್ ಕೂಡ ಹಾಕಿದವನಲ್ಲ. ಅಂಥವನು 25,000 ರೂಪಾಯಿ ಕೊಟ್ಟು ವೆಬ್‌ಸೈಟ್ ಮಾಡಿಸಿ, ಅದನ್ನು ಒಂದು ಸಲ ನೆಟ್ಟಗೆ ಓದಲಿಲ್ಲ. ಇಂಗ್ಲಿಷಲ್ಲಿತ್ತು, ಫಳಫಳ ಅಂತಿತ್ತು, ಮೇಲೆ ನನ್ನ ಹೆಸರಿತ್ತು. ಸಾಕು ಅಂದುಕೊಂಡೆ.

ಸೈಟ್ ಮಾಡಿಕೊಟ್ಟವನು ನನ್ನ ಬಾಮೈದನ ಪರಿಚಯದವನು. 'ಇವಿ ಚಾರ್ಜರ್ ಬಿಸಿನೆಸ್‌ಗೆ ಅಂತಲೇ ಸ್ಪೆಷಲ್ ಪ್ಯಾಕೇಜ್ ಇದೆ ಸರ್' ಅಂದ. ಬಿಲ್ ಬೇಕಾದರೆ 18% ಜಿಎಸ್‌ಟಿ ಸೇರಿ 29,500, ಬೇಡ ಅಂದರೆ 25ಕ್ಕೆ ಮುಗಿಸ್ತೀನಿ ಅಂದ. ನಾನೂ ಆಸೆಗೆ ಬಿದ್ದೆ. ಅವನ ಸ್ವಂತ ನಂಬರಿಗೆ ಫೋನ್‌ಪೇ ಮಾಡಿದೆ. 'ಫೋನ್ ನಂಬರ್ ಸೈಟಲ್ಲಿ ಹಾಕೋದು ಬೇಡ ಸರ್, ಸುಮ್ನೆ ಸ್ಪ್ಯಾಮ್ ಕಾಲ್ ಬರುತ್ತೆ, ಫಾರ್ಮ್ ಇಟ್ಟಿದೀನಿ, ತುಂಬಿದ್ದು ನಿಮಗೆ ಮೇಲ್ ಬರುತ್ತೆ' ಅಂದ. ಅದಕ್ಕೂ ಹೂಂ ಅಂದೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಹೇಳುತ್ತೇನೆ.

ಬೋಗಾದಿ ಕಡೆ ಒಂದು ಅಪಾರ್ಟ್‌ಮೆಂಟ್. ಭಾನುವಾರ ಅಸೋಸಿಯೇಷನ್ ಮೀಟಿಂಗ್‌ಗೆ ಕರೆದಿದ್ದರು. ನಾನು ಕೊಟೇಷನ್ ತೆಗೆಯುವಷ್ಟರಲ್ಲಿ ಸೆಕ್ರೆಟರಿ ನನ್ನ ವೆಬ್‌ಸೈಟನ್ನು ಹಾಲಿನ ದೊಡ್ಡ ಟಿವಿಯಲ್ಲಿ ಹಾಕಿಬಿಟ್ಟರು. ಮೊದಲ ಫೋಟೋನೇ ಒಂದು ಗ್ಯಾರೇಜ್, ಬಾಗಿಲ ಮುಂದೆ ಮೊಣಕಾಲುದ್ದ ಹಿಮ. 'ಇದು ಮಡಿಕೇರಿನಾ?' ಅಂತ ಹಿಂದಿನಿಂದ ಯಾರೋ ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ಕೆಳಗೆ ಸರಿಸಿದರು. '240 ವೋಲ್ಟ್ ಲೆವೆಲ್ 2', 'ನೀಮಾ 14-50 ಸಾಕೆಟ್ ಅಳವಡಿಕೆ'. ಅದು ಅಮೆರಿಕದ ಸಾಕೆಟ್ ಕಣ್ರೀ! ಫೋಟೋದಲ್ಲಿದ್ದ, ಕಾರಿಗೆ ಚುಚ್ಚುವ ಚಾರ್ಜಿಂಗ್ ಗನ್ನಿನ ಮೂತಿಯಲ್ಲಿ ಐದು ಪಿನ್. ನಮ್ಮಲ್ಲಿ ಬಳಸೋ ಟೈಪ್ 2 ಗನ್ನಿಗೆ ಏಳು. ಅದರ ಕೆಳಗೆ ದಪ್ಪಕ್ಷರದಲ್ಲಿ, ಖರ್ಚಿನ 30%, 1,000 ಡಾಲರ್ ತನಕ ಫೆಡರಲ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಅಮೆರಿಕ ಸರ್ಕಾರದ ತೆರಿಗೆ ರಿಯಾಯಿತಿ.

'ಏನಪ್ಪಾ, ಡಾಲರಲ್ಲೇ ಕೊಡಿಸ್ತೀಯಾ?' ಅಂದರು ಒಬ್ಬ ಹಿರಿಯರು. ಕೈಯಲ್ಲಿದ್ದ ಕಾಫಿ ಲೋಟ ನೋಡುತ್ತಾ ಕೂತೆ. ಆ ಕೆಲಸ ಸಿಗಲಿಲ್ಲ ಅಂತ ಬೇರೆ ಹೇಳಬೇಕಾ?

ಮನೆಗೆ ಬಂದು ಸೈಟ್ ಮಾಡಿದವನಿಗೆ ಮೆಸೇಜ್ ಮಾಡಿದೆ. ಬಂದ ಉತ್ತರ: 'ಸರ್ ಅದು ಡೆಮೊ ಕಂಟೆಂಟ್. ರಿಯಲ್ ಕಂಟೆಂಟ್ ಕ್ಲೈಂಟ್ ಕೊಡಬೇಕು.' ಕೊಟ್ಟಿದ್ದೆ! ಎರಡು ಹಾಳೆ ಕೈಯಲ್ಲಿ ಬರೆದು ಫೋಟೋ ತೆಗೆದು ಕಳಿಸಿದ್ದೆ. 7.4 ಕಿಲೋವ್ಯಾಟ್ ಚಾರ್ಜರ್ 32 ಆಂಪ್ ಎಳೆಯುತ್ತೆ, ಮನೆಯ ಮಂಜೂರಾದ ಲೋಡ್ ಸಾಲದಿದ್ದರೆ ನಮ್ಮ ಕಡೆಯ ಕರೆಂಟ್ ಕಂಪನಿ ಸೆಸ್ಕ್‌ಗೆ ಅರ್ಜಿ ಹಾಕಿ ಜಾಸ್ತಿ ಮಾಡಿಸಬೇಕು, ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ ಆರ್‌ಸಿಸಿಬಿ ಬೇಕೇ ಬೇಕು, ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್ ಒಪ್ಪಿಗೆ ಪತ್ರ. ಗಿರಾಕಿಗಳು ದಿನಾ ಕೇಳೋದು ಇದನ್ನೇ ಅಲ್ವಾ? ಅದಕ್ಕವನು: 'ಅದೆಲ್ಲ ಟೆಕ್ನಿಕಲ್ ಸರ್, ಯಾರೂ ಓದಲ್ಲ.' ಸರಿ, ಈಗ ಹಾಕಪ್ಪಾ ಅಂದೆ. 'ನಿಮ್ಮ ಎರಡು ರಿವಿಷನ್ ಮುಗಿದಿವೆ ಸರ್.' ಅದರಲ್ಲಿ ಒಂದು ಯಾವುದು ಗೊತ್ತಾ? ಅವನೇ ತಪ್ಪಾಗಿ ಬರೆದಿದ್ದ ನನ್ನ ಹೆಸರನ್ನು ಸರಿ ಮಾಡಿದ್ದು!

ಈಗ ಆ ಫಾರ್ಮ್ ವಿಷಯ. ಐದು ತಿಂಗಳಲ್ಲಿ ನನಗೆ ಒಂದೇ ಒಂದು ಮೇಲ್ ಬಂದಿರಲಿಲ್ಲ. ಅನುಮಾನ ಬಂದು ನನ್ನ ಹೆಂಡತಿ ನಂಬರ್ ಹಾಕಿ ನಾನೇ ಫಾರ್ಮ್ ತುಂಬಿದೆ. ಮೇಲ್ ಬರಲಿಲ್ಲ. ಮೂರನೇ ದಿನ ಅವಳಿಗೆ ಫೋನ್ ಬಂತು. 'ಮೇಡಂ, ಇವಿ ಚಾರ್ಜರ್ ಬೇಕು ಅಂತ ಹಾಕಿದ್ರಲ್ಲ?' ಅವಳು ಏನೂ ಮಾತಾಡದೆ ಫೋನ್ ನನ್ನ ಕೈಗಿಟ್ಟಳು. ದನಿ ಗುರುತು ಸಿಕ್ಕಿತು. ನಮ್ಮೂರಿನ ಇನ್ನೊಬ್ಬ ಕಾಂಟ್ರಾಕ್ಟರ್, ವೈರ್ ಅಂಗಡಿಯಲ್ಲಿ ದಿನಾ ಸಿಗುವವನು. ಪಾಪ, ಅವನಿಗೂ ಗೊತ್ತಿರಲಿಲ್ಲ. 'ಒಂದು ನಂಬರಿಗೆ 300 ರೂಪಾಯಿ ಕೊಟ್ಟು ತಗೋತೀನಿ ಗುರೂ' ಅಂದ. ನನ್ನ ಸೈಟಿಗೆ ಬಂದ ಗಿರಾಕಿ, ನನ್ನ ದುಡ್ಡಲ್ಲಿ ಮಾಡಿದ ಫಾರ್ಮ್, ಮಾರಿಕೊಂಡು ತಿಂದವನು ಆ ಸೈಟ್ ಮಾಡಿದವನು. ಆ ರಾತ್ರಿ ನಿದ್ದೆ ಬರಲಿಲ್ಲ.

ಕೇಳಿದರೆ ಏನಂದ ಗೊತ್ತಾ? 'ಸರ್ವರ್ ಶೇರಿಂಗ್ ಇಶ್ಯೂ ಸರ್.' ಸರ್ವರ್ ಶೇರಿಂಗ್ ಇಶ್ಯೂ ಅಂತೆ! ನಿನ್ನ ಸಹವಾಸ ಬೇಡ, ಡೊಮೇನ್ (ಸೈಟಿನ ವಿಳಾಸದ ಹೆಸರು) ಕೊಡು ಅಂದೆ. 'ಡೊಮೇನ್ ನಮ್ಮ ಅಕೌಂಟಲ್ಲಿದೆ, ಟ್ರಾನ್ಸ್‌ಫರ್ ಚಾರ್ಜ್ 12,000.' ವರ್ಷಕ್ಕೆ ಸಾವಿರ ರೂಪಾಯಿ ಒಳಗೆ ಸಿಗುವ ಡಾಟ್ ಇನ್ ಹೆಸರಿಗೆ! ಅಲ್ಲಿಂದ ಬರೀ ನೀಲಿ ಟಿಕ್. ಠಾಣೆಗೆ ಹೋದೆ. 'ಬಿಲ್ ಎಲ್ಲಿ?' ಅಂದರು. ತಲೆ ತಗ್ಗಿಸಿಕೊಂಡು ವಾಪಸ್ ಬಂದೆ.

ಡೊಮೇನನ್ನು ನಿಮ್ಮ ಇಮೇಲ್, ನಿಮ್ಮ ಕಾರ್ಡಿನಿಂದ ನೀವೇ ಕೊಳ್ಳಿ. ಬೇರೆ ಕಡೆ ಒಯ್ಯಲು ಆಥ್ ಕೋಡ್ ಅನ್ನೋ ಗುಪ್ತ ಸಂಕೇತ ಬೇಕು, ಅದು ಅಕೌಂಟ್ ಇದ್ದವನ ಕೈಯಲ್ಲೇ ಇರುತ್ತೆ. ಸೈಟ್ ಶುರುವಾದ ದಿನವೇ ಫಾರ್ಮ್ ತುಂಬಿ ಮೇಲ್ ಎಲ್ಲಿಗೆ ಹೋಗುತ್ತೆ ನೋಡಿ. ಫೋನ್ ನಂಬರ್ ಮೇಲ್ಗಡೆ ದೊಡ್ಡದಾಗಿ ಹಾಕಿಸಿ, ಸ್ಪ್ಯಾಮ್ ಬಂದರೆ ಬರಲಿ. 4,500 ಉಳಿಸೋಕೆ ಹೋಗಿ ಬಿಲ್ ಬಿಡಬೇಡಿ, ನನ್ನ ಹಾಗೆ.

ಆ ವೆಬ್‌ಸೈಟ್ ಹೆಸರಿನ ಸ್ಟಿಕ್ಕರನ್ನು ಈ ಐದು ತಿಂಗಳಲ್ಲಿ ಹಾಕಿದ ಇಪ್ಪತ್ತೆರಡು ಚಾರ್ಜರ್ ಮೇಲೂ ಅಂಟಿಸಿದ್ದೇನೆ. ನಿನ್ನೆ ಕುವೆಂಪುನಗರದಲ್ಲಿ ಮೂರು ಕಿತ್ತೆ. ಒಳ್ಳೇ ಗಮ್ ಬೇರೆ, ಉಗುರಲ್ಲಿ ಕೆರೆದರೂ ಬರುತ್ತಿಲ್ಲ.